ಎಡಗಡೆಯ ಸೀಟು

ಹಂದಿಮಾಂಸ ಇದ್ದರೆ ಇಲ್ಲೇ ತಿಂದು ಮುಗಿಸಿ.
ತುಶೇತಿಗೆ ಅದನ್ನು ಒಯ್ಯುವಂತಿಲ್ಲ. ನಗಬೇಡಿ.
ಒಮ್ಮೆ ಒಬ್ಬ ಚೀಲದ ತಳದಲ್ಲಿ ಬಚ್ಚಿಟ್ಟುಕೊಂಡು ಬಂದ,
ಮೂರನೇ ತಿರುವಿನಲ್ಲಿ ಆಕ್ಸಲ್ ಮುರಿಯಿತು.
ಕಬ್ಬಿಣಕ್ಕೆ ವಯಸ್ಸಾಗಿತ್ತು, ನನಗೂ ಗೊತ್ತು.
ಆದರೂ.

ಇಪ್ಪತ್ತಾರು ಬೇಸಿಗೆ ಇದನ್ನು ನಾನೇ ಹೇಳುತ್ತಿದ್ದೆ
ಗೇರಿನ ಮೇಲೆ ಕೈಯಿಟ್ಟು.
ಈ ಸಲ ಹೇಳಿದವಳು ತಮ್ತಾ, ನನ್ನ ತಂಗಿಯ ಮಗಳು,
ಅದೇ ಧಾಟಿ, ‘ಆದರೂ’ ಮುಂಚೆ ಅಷ್ಟೇ ಉದ್ದದ ಮೌನ.
ಜಪಾನಿನ ಹಳೇ ಗಾಡಿ, ಸ್ಟಿಯರಿಂಗ್ ಬಲಕ್ಕೆ.
ಎಡಗಡೆ ನಾನು,
ಹೊಲಿಗೆ ಬಿಚ್ಚಿ ಹತ್ತೇ ದಿನವಾದ ಮಂಡಿ ಚಾಚಿಕೊಂಡು,
ಹಿಟ್ಟಿನ ಮೂಟೆ, ಗ್ಯಾಸ್ ಸಿಲಿಂಡರು,
ದಾರೇಜಾನಜ್ಜಿಯ ಬುಟ್ಟಿಯ ಹನ್ನೊಂದು ಕೋಳಿಮರಿಗಳ ನಡುವೆ
ಇನ್ನೊಂದು ಸಾಮಾನು.

ಓಡಿಸುವವನಿಗೆ ಬೆಟ್ಟವೆಂದರೆ ಬೆಟ್ಟವಲ್ಲ.
ಒದ್ದೆ ಜಲ್ಲಿ, ಒಣ ಜಲ್ಲಿ, ನಿನ್ನೆ ಇಲ್ಲದ ಕಲ್ಲು,
ತಿರುವಿನಾಚೆಯಿಂದ ಹಾರ್ನಿಗೆ ಉತ್ತರ ಬಂತೋ ಇಲ್ಲವೋ,
ಟೈರಿಗೂ ಪಾತಾಳಕ್ಕೂ ನಡುವೆ ಉಳಿದ ಒಂದು ಗೇಣು.
ಹಿಂದೆ ಕೂತವರು ಅಬ್ಬಾ ಎನ್ನುತ್ತಿದ್ದರು, ಅಬ್ಬಬ್ಬಾ,
ವಾರ್ಸಾದವರು, ತೆಲಾವಿಯವರು,
ಯಾವ ಭಾಷೆಯಲ್ಲೂ ಆ ಸದ್ದು ಒಂದೇ.
ನಾನು ತಲೆಯಾಡಿಸುತ್ತಿದ್ದೆ,
ಊಟ ಹೊಗಳಿದವರಿಗೆ
ದಿನವಿಡೀ ಹೊಗೆ ಕುಡಿದ ಅಡುಗೆಯವನು ತಲೆಯಾಡಿಸಿದ ಹಾಗೆ.

ಈಗ ಪ್ರತಿ ತಿರುವಿನಲ್ಲೂ ನನ್ನ ಬಲಗಾಲು
ಇಲ್ಲದ ಬ್ರೇಕನ್ನು ಒತ್ತುತ್ತದೆ.
ತಮ್ತಾ ನೋಡುತ್ತಾಳೆ, ಏನೂ ಅನ್ನುವುದಿಲ್ಲ.
ಒಂದು ಸಲ ಮಾತ್ರ ಅಂದಳು:
‘ಮಾವಾ, ನೆಲ ತೂತು ಬೀಳುತ್ತೆ.’

ಗೋಚಾನ ಕಲ್ಲಿನ ಹತ್ತಿರ ನಿಲ್ಲಿಸಿದಳು.
ಗಾಜಿನ ಹಿಂದೆ ಫೋಟೊ, ಇಪ್ಪತ್ತೊಂಬತ್ತರಲ್ಲೇ ನಿಂತ ಮೀಸೆ,
ಪಕ್ಕದಲ್ಲಿ ಯಾರೋ ಬಿಟ್ಟುಹೋದ ಅರ್ಧ ಬಾಟಲಿ
ದ್ರಾಕ್ಷಿ ಸಾರಾಯಿ, ಎರಡು ಲೋಟ.
ಒಂದನ್ನು ನೆಲಕ್ಕೆ ಸುರಿದಳು,
ಇನ್ನೊಂದು ನನಗೆ. ‘ಈಗ ನೀನು ಕುಡಿಯಬಹುದಲ್ಲ.’
ಹೌದಲ್ಲ!
ಇಷ್ಟು ವರ್ಷ ಅವನಿಗೆ ಬರೀ ಸುರಿದೆ,
ಜೊತೆಗೆ ಕೂತು ಕುಡಿದದ್ದು ಇವತ್ತೇ.
ಗಂಟಲು ಉರಿಯಿತು. ಕೋಳಿಮರಿಗಳು ಕಿಚಕಿಚ ಎಂದವು.

ಅದಾದ ಮೇಲೆಯೇ ಇರಬೇಕು, ತಲೆಯೆತ್ತಿದ್ದು.
ಎದುರು ಬೆಟ್ಟದ ನೆತ್ತಿಯಿಂದ ಒಂದು ಝರಿ,
ಜನಿವಾರದಷ್ಟು ತೆಳ್ಳಗೆ,
ನಡುವೆ ಎಲ್ಲೋ ಗಾಳಿಗೆ ಸಿಕ್ಕಿ ಕಳೆದುಹೋಗಿ
ಮತ್ತೆ ಕೆಳಗೆ ಬಂಡೆಯ ಮೇಲೆ ನೀರಾಗಿ ಸೇರುತ್ತಿತ್ತು.
ಸದ್ದೇ ಇಲ್ಲ. ಇದ್ದಿದ್ದರೂ
ಎಂಜಿನ್ನಿನ ಗಂಟಲು ಬಿಟ್ಟು ಬೇರೇನು ಕೇಳಿದ್ದೆ ನಾನು?

‘ಅದು ಯಾವಾಗ ಬಂತು?’ ಎಂದೆ.

‘ನಾನು ಮದುವೆಯಾಗಿ ಬಂದಾಗಲೂ ಇತ್ತು ಕಣೋ,’
ದಾರೇಜಾನಜ್ಜಿ ಬುಟ್ಟಿಯ ಬಟ್ಟೆ ಸರಿಪಡಿಸುತ್ತ,
‘ಆಗ ಕುದುರೆ ಮೇಲೆ. ಕುದುರೆ ತಾನೇ ದಾರಿ ನೋಡುತ್ತಿತ್ತು.’

‘ಯಾವುದು?’ ಎಂದಳು ತಮ್ತಾ,
ರಸ್ತೆಯಿಂದ ಕಣ್ಣು ಕೀಳದೆ.