ಒಂಬತ್ತನೇ ಮಕ್ಕಿಯ ಕಂಡಿ

ಹನ್ನೊಂದು ಮೆಟ್ಟಿಲು ಈ ಗುಡ್ಡಕ್ಕೆ.
ಸಾಗರದ ಆಫೀಸಿನ ನಕ್ಷೆಯಲ್ಲಿ ಅವಿಲ್ಲ,
ಬರೀ ಹಸಿರು ಬಣ್ಣ, ಅದರ ಮೇಲೊಂದು ನಂಬರು.

ನನ್ನ ಕಾಲಿಗೆ ಗೊತ್ತು.
ಮೂರನೆಯದು ಮೊಳ ಎತ್ತರ, ಆರನೆಯದು ಎದೆಮಟ್ಟ,
ಅಪ್ಪ ಕಲ್ಲು ಕಟ್ಟಿ ಸೊಂಟ ಕಳಕೊಂಡದ್ದು ಅಲ್ಲೇ.
ಈಗ ಅದರ ಸಂದಿಯಲ್ಲಿ ಮುಂಗುಸಿಯ ಸಂಸಾರ.
ಎಂಟರಲ್ಲಿ, ಅವ್ವ ಗುತ್ಯಮ್ಮ
ಸಸಿ ಕಿತ್ತು ಸೂಡಿ ಕಟ್ಟುತ್ತಿದ್ದ ಕಡೆ
ಮತ್ತಿಮರ, ಒಂದು ತೆಕ್ಕೆಗೆ ಸರಿಯಾಗಿದೆ.

ಕಾಟಿಗಳು ಸಂಜೆ ಅಂಚು ಬಿಟ್ಟು ಇಳಿಯುವುದಿಲ್ಲ.
ಸಾಲಾಗಿ ಹೋಗುತ್ತವೆ,
ಗದ್ದೆ ತುಳಿದರೆ ಅವ್ವ ಬೈದಾಳು ಎಂಬಂತೆ.

ಇವತ್ತು ಒಂಬತ್ತರ ಕಂಡಿಗೆ ತರಗೆಲೆ ಕಟ್ಟಿ
ಮೊಣಕಾಲುದ್ದ ನೀರು.
ನೀರು ನಿಂತರೆ ಕಂಡಿ ಕಡಿ, ಕೇಳುತ್ತ ಕೂರಬೇಡ:
ಇಪ್ಪತ್ತಾರು ವರ್ಷದ ಮೇಲೂ ಹಿಮ್ಮಡಿ ತಾನಾಗಿ ಎದ್ದಿತು.

ಮೇಲಿನ ಕೊಂಬೆಯಲ್ಲಿ ನೊರೆಯ ಮುದ್ದೆ.
ಮರಗಪ್ಪೆಯ ಮೊಟ್ಟೆ,
ಗಂಜಿ ಉಕ್ಕಿ ಎಲೆಗೆ ಮೆತ್ತಿದ ಹಾಗೆ.
ಇಂದೋ ನಾಳೆಯೋ ಕರಗಿ ಮರಿಗಳು ಉದುರಬೇಕು,
ಉದುರುವಾಗ ಕೆಳಗೆ ನೀರಿರಬೇಕು.

ಹಿಮ್ಮಡಿ ಗಾಳಿಯಲ್ಲೇ ನಿಂತಿತು ಸ್ವಲ್ಪ ಹೊತ್ತು.
ಆಮೇಲೆ ಅದೇ ಹಿಮ್ಮಡಿಯಿಂದ
ಕಂಡಿಯ ಬಾಯಿಗೆ ಇನ್ನಷ್ಟು ಕೆಸರು ಒತ್ತಿದೆ.
ಅವ್ವ ನೋಡಿದ್ದರೆ ನಗುತ್ತಿದ್ದಳೋ, ಕೋಲು ಹುಡುಕುತ್ತಿದ್ದಳೋ.

ಫಾರಂನ ಕೊನೆಯ ಕಾಲಂ: ಮನುಷ್ಯರ ಹಾವಳಿ.
‘ಇಲ್ಲ’ ಅಂತ ಬರೆದೆ.
ಸುಳ್ಳು. ಹೊಡೆದುಹಾಕಿ
‘ಕಾಲು’ ಅಂತ ಬರೆದು ರುಜು ಹಾಕಿದೆ.

ರೇಂಜರ್ ಸಾಹೇಬರು ನಾಳೆ ಕೇಳಿಯಾರು:
ಕಾಲು? ಎಷ್ಟರಲ್ಲಿ ಕಾಲು ಮಾರಾಯ?