ಹಳ್ಳದ ದಾರಿಯ ಸ್ಟೇಜುಗಳು

ಹಾಸನದ ದೊಡ್ಡಾಸ್ಪತ್ರೆ ಡಾಕ್ಟರು ಚೀಟಿಯಲ್ಲಿ ಬರೆದದ್ದು
ಎರಡು ಮಾತ್ರೆ, ಮೂರು ಕಿಲೋಮೀಟರು.
ಮಾತ್ರೆ ನುಂಗೋದು ಅವರಿಗೆ ಬಿಟ್ಟದ್ದು,
ಕಿಲೋಮೀಟರು ನನ್ನ ತಲೆಗೆ ಬಂತು.

ಮೂವತ್ತೊಂದು ವರ್ಷ ತಿರುಗಿದ ಮನುಷ್ಯ,
ಹಾಸನ–ಅರಸೀಕೆರೆ, ಹಾಸನ–ಅರಕಲಗೂಡು;
ನಡೆದದ್ದೆಲ್ಲ ಬಸ್ಸಿನ ಒಳಗೇ
ಮುಂಬಾಗಿಲಿಂದ ಹಿಂಬಾಗಿಲಿಗೆ.
ಅಲುಗದ ನೆಲದ ಮೇಲೆ ಈಗಲೂ
ಕಾಲು ಅಗಲಿಸಿ ನಿಲ್ಲುತ್ತಾರೆ,
ಯಾವುದೋ ತಿರುವಿಗೆ ಕಾದ ಹಾಗೆ.

ಚಿಟ್ಟನಕೆರೆಯ ಕೋಡಿಹಳ್ಳದ ಪಕ್ಕ
ಹೊಸದಾಗಿ ದಾರಿ ಮಾಡಿದ್ದಾರೆ.
ಜಲ್ಲಿ ಹಾಸಿ, ಸಿಮೆಂಟು ಬೆಂಚು ಹಾಕಿ,
ಕೆರೆ ಹತ್ತಿರ ಬುತ್ತಿ ಬಿಚ್ಚಲು ನಾಲ್ಕು ನೆರಳು.
ಕಸ ಹಾಕಬೇಡಿ ಅಂತ ಬೋರ್ಡು,
ಅದರ ಬುಡದಲ್ಲೇ ಕಸ.

ಮೊದಲ ದಿನ ಅವರು ನೀರು ನೋಡಲೇ ಇಲ್ಲ.
ಎರಡನೇ ದಿನ ಕೇಳಿದರು,
ಇದು ಎಲ್ಲಿಗೆ ಹೋಗುತ್ತೆ?
ಯಗಚಿಗೆ, ಅಂದೆ, ಗೊತ್ತಿಲ್ಲದೆ.
ಅಲ್ಲಿಂದ?
ಹೇಮಾವತಿಗೆ.
ಹಾಗಾದರೆ ಕನೆಕ್ಷನ್ ಇದೆ, ಅಂದರು
ಸಮಾಧಾನವಾಗಿ.

ಮೂರನೇ ವಾರಕ್ಕೆ ದಾರಿಗೆ ಸ್ಟೇಜು ಬಿದ್ದವು:
ಗೇಟು. ಅತ್ತಿಮರ. ಕುಸಿದ ಮೋರಿ.
ಎಮ್ಮೆ ತೊಳೆಯೋ ಬಂಡೆ.
ಕಾಲೇಜು ಹುಡುಗ ಹುಡುಗಿ ಕೂರೋ ಹೊಂಗೆ,
ಅಲ್ಲಿ ಸ್ಟಾಪಿಲ್ಲ, ಒಮ್ಮೆ ಕೆಮ್ಮಿ ಮುಂದೆ ಹೋಗಬೇಕು.
ಕೊನೆಗೆ ಕೆರೆ ಏರಿ.
ಅತ್ತಿಮರದಲ್ಲಿ ಎರಡು ನಿಮಿಷ ಲೇಟಾದರೆ
ಏರಿಯ ಹೊತ್ತಿಗೆ ಹೊಂದಿಸುತ್ತಾರೆ,
ನನ್ನ ಮಂಡಿ ಏನಾದರೂ ಆಗಲಿ.

ಒಂದು ಶನಿವಾರ ಇಸ್ಕೂಲು ಮಕ್ಕಳು ಪಿಕ್ನಿಕ್ಕಿಗೆ ಬಂದಿದ್ದವು.
ಮೋರಿ ಮೇಲೆ ಹಾಸಿದ್ದು ಒಂದೇ ಹಲಗೆ.
ಟೀಚರಮ್ಮ ಕೂಗಿ ಕೂಗಿ ಗಂಟಲು ಬಿದ್ದು ಹೋಗಿತ್ತು.
ಇವರು ಹಲಗೆಯ ತುದಿಗೆ ಹೋಗಿ ನಿಂತರು.
ಒಬ್ಬೊಬ್ಬರೇ, ತಳ್ಳಬೇಡಿ,
ಆಚೆ ಕಡೆ ಬೇಕಾದಷ್ಟು ಜಾಗ ಇದೆ.
ಆಪರೇಷನ್ ಆದಮೇಲೆ
ಆ ದನಿ ನಾನು ಕೇಳಿರಲಿಲ್ಲ.
ಅರವತ್ತೆರಡು ಮಕ್ಕಳು, ಎಣಿಸಿ ದಾಟಿಸಿದರು.
ಅರವತ್ತೆರಡು, ಅಂತ ರಾತ್ರಿ ಮಲಗುವಾಗಲೂ ಅಂದರು.

ನಾನು ಅವರ ಬಸ್ಸು ಹತ್ತಿದ್ದು ಒಂದೇ ಸಲ.
ಮಗಳು ಹೊಟ್ಟೆಯಲ್ಲಿದ್ದಳು,
ಹಾರನಹಳ್ಳಿಗೆ, ತವರಿಗೆ.
ಯಾರೋ ಎಂಬಂತೆ ಟಿಕೆಟ್ ಹರಿದು ಕೊಟ್ಟರು.
ಚಿಲ್ಲರೆ ಇಲ್ಲಮ್ಮ, ಅಂತ
ಹಿಂದುಗಡೆ ಬರೆದರು: ಎರಡು ರೂಪಾಯಿ.
ಅಮ್ಮ! ನನ್ನ!
ಇಳಿಯುವಾಗ ಅವರು ಮೇಲೆ ಟಾಪಿನಲ್ಲಿ
ಯಾರದೋ ಕೋಳಿಬುಟ್ಟಿ ಕಟ್ಟುತ್ತಿದ್ದರು.
ಆ ಚೀಟಿ ಕುಪ್ಪಸದ ಜೊತೆ ನೆಂದು
ಒಗೆಯೋ ಕಲ್ಲಿನ ಮೇಲೆ ಹಿಟ್ಟಾಯಿತು.

ಇವತ್ತು ಕೆರೆ ಹತ್ತಿರ ನೆರಳಲ್ಲಿ ಕೂತು
ಡಬ್ಬಿ ಬಿಚ್ಚಿದೆ. ಹುಳಿಯವಲಕ್ಕಿ, ಉಪ್ಪು ಕಮ್ಮಿ.
ನೀರುಕೋಳಿಯೊಂದು ಮುಳುಗಿತು,
ಎಲ್ಲಿ ಏಳುತ್ತೆ ಅಂತ ಇಬ್ಬರೂ ನೋಡುತ್ತಿದ್ದೆವು,
ಅದು ನಾವು ನೋಡದ ಕಡೆ ಎದ್ದಿತು.
ಆಗ ಕೇಳಿದೆ, ಸುಮ್ಮನೆ,
ಆ ಎರಡು ರೂಪಾಯಿ ಏನಾಯಿತು?

ಯಾವ ಎರಡು ರೂಪಾಯಿ ಅಂತ ಕೇಳಲಿಲ್ಲ.
ಅವಲಕ್ಕಿ ಜಗಿದು ಮುಗಿಸಿ,
ಬಾಯೊರೆಸಿಕೊಂಡು, ಕೆರೆ ಕಡೆ ನೋಡುತ್ತ
ಇಳಿಯುವಾಗ ಇಸ್ಕೊ, ಅಂದರು.

ನಾನು ಡಬ್ಬಿ ಮುಚ್ಚಿದೆ.
ಬಿಸಿಲು ಏರಿ ದಾಟಿ ಕೋಡಿಗೆ ಬಂದಿತ್ತು.
ಎದ್ದರು. ಹಿಂದೆ ನೋಡಿದರು, ಮುಂದೆ ನೋಡಿದರು,
ಬೆಂಚಿನ ಕೆಳಗೂ ಬಗ್ಗಿ ನೋಡಿದರು,
ಯಾರಾದರೂ ಏನಾದರೂ ಬಿಟ್ಟಿದ್ದಾರೇನೋ ಅಂತ.
ಆಮೇಲೆ ಬೆಂಚನ್ನು ಎರಡು ಸಲ ತಟ್ಟಿ,
ರೈಟ್.