ನಾಲ್ಕನೇ ಚಾನಲ್

ಶನಿವಾರ. ಸೆಕೊಂಡಿಯ ಮೀನುಬಂದರಿನ ಮೇಲಿನ ಬಯಲು.
ಕಪ್ಪು ಕೆಂಪು ಬಟ್ಟೆಯುಟ್ಟ ಮುನ್ನೂರು ಜನ,
ನೀಲಿ ಪ್ಲಾಸ್ಟಿಕ್ ಕುರ್ಚಿ, ಗಾಳಿಗೆ ಪಟಪಟಿಸುವ ಚಪ್ಪರ,
ನಡುವೆ ನೀವು, ಎಬೊ ಕ್ವಾನ್ಸಾ,
ಜೀವಮಾನದಲ್ಲಿ ಮೊದಲ ಸಲ
ವೈರು ಸುತ್ತದೆ ಸುಮ್ಮನೆ ಮಲಗಿದ್ದೀರಿ.

ಮಿಕ್ಸರಿನ ಮುಂದೆ ನಾನು, ಅರಬಾ.
ಹದಿನಾರು ಚಾನಲ್, ಅದರಲ್ಲಿ ಹನ್ನೊಂದು ಜೀವಂತ.
ಬಿಳಿ ಟೇಪಿನ ಮೇಲೆ ನಿಮ್ಮ ಕೋಳಿಕಾಲು ಬರಹ:
ಪಾದ್ರಿ. ಡೋಲು. ಇದನ್ನು ಮುಟ್ಟಬೇಡ.

ಬೆಳಿಗ್ಗೆಯೇ ಗುಂಯ್ ಎಂದಿತು.
ಗುಂಯ್‌ಗೂ ಒಂದು ಊರುಕೇರಿ ಇರುತ್ತದೆ,
ಬೈಯಬೇಡ, ವಿಳಾಸ ಕೇಳು ಎನ್ನುತ್ತಿದ್ದಿರಿ.
ಫೇಡರುಗಳನ್ನು ಒಂದೊಂದಾಗಿ ಇಳಿಸಿದೆ, ಹೋಗಲಿಲ್ಲ.
ಮೈಕುಗಳನ್ನೆಲ್ಲ ಕಿತ್ತೆ, ಹೋಗಲಿಲ್ಲ.
ಕೇಬಲ್ಲಿನ ಬೆನ್ನು ಹಿಡಿದು ಮಂಡಿಯೂರಿ
ನಿಮ್ಮ ಸೋದರತ್ತೆಯ ಕುರ್ಚಿಯಡಿ ತೂರಿದಾಗ ಸಿಕ್ಕಿತು:
ತಣ್ಣೀರು ಮಾರುವ ಮನ್ಸಾಳ ಫ್ರಿಜ್ಜಿನ ವೈರು
ನಮ್ಮ ವೈರಿನ ಜೊತೆ ಜಡೆ ಹೆಣೆದುಕೊಂಡಿತ್ತು.
ಬಿಡಿಸಿದೆ. ಎರಡು ಮಾರು ದೂರ ಮಲಗಿಸಿದೆ.
ಗುಂಯ್ ತನ್ನ ಮನೆಗೆ ಹೋಯಿತು.
ನೀವಾಗಿದ್ದರೆ ಮನ್ಸಾಳ ಹತ್ತಿರ
ಒಂದು ಪೊಟ್ಟಣ ನೀರು ಪುಕ್ಕಟೆ ಗಿಟ್ಟಿಸುತ್ತಿದ್ದಿರಿ.
ನಾನು ಕಾಸು ಕೊಟ್ಟೆ.

ಮಧ್ಯಾಹ್ನ, ಮುಯ್ಯಿ ಓದುವ ಹೊತ್ತು.
ಎಗ್ಯಾ ಅಮಿಸ್ಸಾ ಎದ್ದರು. ಚೀಟಿಗಳ ಕಟ್ಟು, ಎರಡು ಕನ್ನಡಕ.
ಬಾಯಿ ಆಡುತ್ತಿದೆ, ಮಾತಿಲ್ಲ.
ಮೈಕು ತಟ್ಟಿದರು. ಊದಿದರು. ಬೈದರು,
ಅದೂ ಕೇಳಲಿಲ್ಲ.
ಮುನ್ನೂರು ತಲೆ ನನ್ನ ಕಡೆ ತಿರುಗಿದವು.
ಇಪ್ಪತ್ತು ಸೆಡಿ ಕೊಟ್ಟವರಿಗೆ
ಇಪ್ಪತ್ತು ಸೆಡಿ ಎಂಬುದು ಊರಿಗೆ ಕೇಳಬೇಕಲ್ಲ.

ಬಾಯಿಂದ ಕಿವಿಯ ತನಕ ನಡೆದುಕೊಂಡು ಹೋಗು, ಹಾರಬೇಡ.
ಒಂದು ಸಲಕ್ಕೆ ಒಂದನ್ನೇ ಮುಟ್ಟು,
ಎರಡು ಮುಟ್ಟಿದರೆ ಯಾವುದರ ಪುಣ್ಯವೋ ತಿಳಿಯುವುದಿಲ್ಲ.
ಮೈಕು ಬದಲಿಸಿದೆ.
ಕೇಬಲ್ಲು ಬದಲಿಸಿದೆ.
ಉಳಿದ ಹತ್ತರಲ್ಲೂ ಯಾರೋ ಕೂತಿದ್ದಾರೆ, ಎಬ್ಬಿಸುವಂತಿಲ್ಲ.
ನಾಲ್ಕರ ಪುಟ್ಟ ಹಸಿರು ಕಣ್ಣು ಮಾತ್ರ
ಅಮಿಸ್ಸಾ ಬೈದಾಗಲೆಲ್ಲ ಮಿಟುಕುತ್ತಿದೆ.
ಅಂದರೆ ಮಾತು ಒಳಗೆ ಬಂದಿದೆ,
ಹೊಸ್ತಿಲಲ್ಲಿ ಯಾರೋ ತಡೆದಿದ್ದಾರೆ.

ಆಗ ನೆನಪಾಯಿತು. ಈಸ್ಟರಿನ ಮಾರನೇ ದಿನ, ದೋಣಿ ಸಂಘದ ಸಭೆ,
ಇದೇ ಅಮಿಸ್ಸಾ, ಇದೇ ನಾಲ್ಕು, ಒಂದೂವರೆ ಗಂಟೆ.
ನಿಮ್ಮ ಹೆಬ್ಬೆರಳು ಬೆಕ್ಕಿನ ಹಾಗೆ ಬಂದು
ಮ್ಯೂಟಿನ ಗುಂಡಿಯ ಮೇಲೆ ಕೂತಿತ್ತು.
ಜನರೇಟರಿನ ತೊಂದರೆ ಎಂದು ಕೈಯಾಡಿಸಿದ್ದಿರಿ,
ನನ್ನ ಕಡೆ ನೋಡದೆ.
ಈ ಮಿಕ್ಸರಿನ ಮೇಲೆ ಅದೇ ನಿಮ್ಮ ಕೊನೆಯ ಕೆಲಸ.
ಆ ಗುಂಡಿಯ ಕೆಂಪು ದೀಪ ಸತ್ತು ಆರು ವರ್ಷ.
ಒತ್ತಿದೆಯೋ ಬಿಟ್ಟಿದೆಯೋ ಬೆರಳಿಗಷ್ಟೇ ಗೊತ್ತು.

ಬೆರಳಿಟ್ಟೆ. ಕೂದಲೆಳೆಯಷ್ಟು ತಗ್ಗು.
ತೆಗೆಯಲೇ?
ಇನ್ನೂ ನೂರ ನಲವತ್ತು ಚೀಟಿ ಇದೆ ಅವರ ಕೈಯಲ್ಲಿ.
ಮಂಗಳವಾರ ಹುಟ್ಟಿದವರು ಹಟಮಾರಿಗಳು ಎಂದು
ನಮ್ಮಿಬ್ಬರ ಹೆಸರನ್ನೂ ಕೂಡಿಸಿ ನಗುತ್ತಿದ್ದಿರಿ.
ಒಂದು ಮಂಗಳವಾರ ಮಾಡಿದ್ದನ್ನು
ಇನ್ನೊಂದು ಮಂಗಳವಾರ ಅಳಿಸಬಹುದೇ?

ಒತ್ತಿದೆ. ಟಕ್.

ಅಮಿಸ್ಸಾ ಆಗಲೇ ಸೋತು ಚೀಟಿ ಮಡಿಸಿದ್ದರು,
ಮೈಕು ಕೈಯಲ್ಲಿರುವುದನ್ನು ಮರೆತಿದ್ದರು.
ದೊಡ್ಡ ಸ್ಪೀಕರುಗಳಿಂದ ಬಂದದ್ದು ಮುಯ್ಯಿಯ ಲೆಕ್ಕವಲ್ಲ,
ಒಂದು ಉಸಿರು, ಮೂಗೆಳೆದ ಸದ್ದು, ಆಮೇಲೆ
ಪೆಟ್ಟಿಗೆಯ ಕಡೆ ಬಾಗಿ, ನಿಮ್ಮೊಬ್ಬರಿಗೆ:
ಎಬೊ, ಕತ್ತೆ, ಇವತ್ತೂ ನೀನೇನಾ?

ಬಂದರಿನ ತನಕ ಕೇಳಿತಂತೆ.
ಮೀಟರು ಹಸಿರು ದಾಟಿ ಹಳದಿಗೆ ಹೋಯಿತು.
ಇಳಿಸಲಿಲ್ಲ.